ಬರಿದನ್ನು ಕಾಯುವ ಕೆಲಸ

(ಬಾನುಲಿ ಭಾಷಣ)

ಇತಿಹಾಸವೆಂದೊಡನೆ ನಮ್ಮ ಮನಸ್ಸಿಗೆ ಹೊಳೆಯುವುದು ಅರಸರ ವಂಶಾವಳಿ, ಯುದ್ಧ, ಶಾಸನ, ದೇವಾಲಯ. ವಿಜ್ಞಾನದ ಇತಿಹಾಸಕ್ಕೂ ಅದೇ ರೂಢಿ ಅಂಟಿಕೊಂಡಿದೆ. ಅಲ್ಲಿ ಅರಸರ ಪೀಠದಲ್ಲಿ ಸಂಶೋಧಕರು ಕುಳಿತಿದ್ದಾರೆ. ಯುದ್ಧಗಳ ಜಾಗದಲ್ಲಿ ಶೋಧಗಳಿವೆ. ಗಾರೆ ಕಲಸಿದವನು, ಕಲ್ಲು ಹೊತ್ತವನು ಎರಡು ಕಡೆಯೂ ಕಾಣಿಸುವುದಿಲ್ಲ. ಈ ಹೊತ್ತು ನಾನು ಹೇಳಹೊರಟಿರುವುದು ಅಂತಹ ಒಂದು ಮರೆಯ ಕೆಲಸದ ಇತಿಹಾಸ. ಏನೂ ಇಲ್ಲದ ಒಂದು ಜಾಗವನ್ನು ನಿರ್ಮಿಸಿ, ಅದು ಹಾಗೆಯೇ ಬರಿದಾಗಿ ಉಳಿಯುವಂತೆ ಹಗಲಿರುಳು ಕಾಯುವ ಕೆಲಸ ಅದು. ಪರಮಾಣುವಿಗಿಂತ ಕಿರಿದಾದ ಕಣಗಳನ್ನು ಎದುರುಬದುರಾಗಿ ಓಡಿಸಿ ಡಿಕ್ಕಿ ಹೊಡೆಸುವ ಘರ್ಷಕ ಯಂತ್ರಗಳಲ್ಲಿ, ನಿರ್ವಾತವನ್ನು ಉಳಿಸಬೇಕಾದ ಪಂಪುಗಳೇ ಬಿಸಿಯಾಗಿ ಅನಿಲವನ್ನು ಉಗುಳತೊಡಗಿದರೆ ಏನು ಮಾಡಬೇಕು? ಈ ಪ್ರಶ್ನೆಗೆ ಮನುಷ್ಯರು ಉತ್ತರ ಕಂಡುಕೊಂಡ ಬಗೆಯೇ ನನ್ನ ವಿಷಯ.

ಪೊಳಲಿಯಂತಹ ಊರಿನವನೊಬ್ಬ ಇದನ್ನು ಎತ್ತಿಕೊಂಡುದು ಕೆಲವರಿಗೆ ವಿಚಿತ್ರವೆನಿಸೀತು. ಫಲ್ಗುಣಿ ನದಿಯ ದಂಡೆ, ರಾಜರಾಜೇಶ್ವರಿಯ ಮಣ್ಣಿನ ಮೂರ್ತಿ, ವರ್ಷಾವಧಿ ಜಾತ್ರೆಯ ಚೆಂಡು, ಇವು ನಮ್ಮೂರಿನ ಹೆಸರಿನೊಡನೆ ಬರುವ ಮಾತುಗಳು. ಜಿನೀವದ ಸುರಂಗಕ್ಕೂ ಕ್ಯಾಲಿಫೋರ್ನಿಯದ ಪ್ರಯೋಗಾಲಯಕ್ಕೂ ಇಲ್ಲಿಂದ ದಾರಿ ಎಲ್ಲಿ ಎಂದು ನೀವು ಕೇಳಬಹುದು. ದಾರಿ ಇದೆ. ಅದು ನೀವು ಈಗ ಕೇಳುತ್ತಿರುವ ರೇಡಿಯೊದ ಪೂರ್ವಜರ ಮೂಲಕವೇ ಹೋಗುತ್ತದೆ.

ಹಳೆಯ ವಾಲ್ವ್ ರೇಡಿಯೊ ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಗುಂಡಿ ತಿರುಗಿಸಿದ ಮೇಲೆ ಧ್ವನಿ ಬರಲು ತುಸು ಹೊತ್ತು ಬೇಕಾಗುತ್ತಿತ್ತು. ಹಿಂದಿನ ಹಲಗೆಯ ತೂತುಗಳಿಂದ ಇಣುಕಿದರೆ ಒಳಗೆ ಗಾಜಿನ ಬುರುಡೆಗಳು ಮಂದವಾಗಿ ಕೆಂಪಗೆ ಬೆಳಗುತ್ತಿದ್ದವು. ಪ್ರತಿಯೊಂದು ಬುರುಡೆಯ ನೆತ್ತಿಯಲ್ಲಿಯೋ ಮಗ್ಗುಲಲ್ಲಿಯೋ ಕನ್ನಡಿಯಂತೆ ಹೊಳೆಯುವ ಒಂದು ಕಪ್ಪು ಬೆಳ್ಳಿಯ ಕಲೆ ಇರುತ್ತಿತ್ತು. ಅದು ಅಲಂಕಾರವೆಂದೇ ನಾನು ಬಾಲ್ಯದಲ್ಲಿ ತಿಳಿದಿದ್ದೆ. ರೇಡಿಯೊ ದುರಸ್ತಿಯವರು ಮಾತ್ರ ವಾಲ್ವನ್ನು ಕೈಗೆತ್ತಿಕೊಂಡೊಡನೆ ಮೊದಲು ಆ ಕಲೆಯನ್ನು ನೋಡುತ್ತಿದ್ದರು. ಅದು ಬಿಳುಪೇರಿದ್ದರೆ ಮುಂದೆ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಒಳಗೆ ಗಾಳಿ ಸೇರಿದೆ, ವಾಲ್ವಿನ ಆಯುಸ್ಸು ಮುಗಿದಿದೆ ಎಂದೇ ಅರ್ಥ.

ಆ ಕಲೆ ಬೇರಿಯಂ ಎಂಬ ಲೋಹದ ತೆಳುವಾದ ಲೇಪ. ಬುರುಡೆಯೊಳಗೆ ಅಳಿದುಳಿದ ಅನಿಲದ ಅಣುಗಳು ಅದಕ್ಕೆ ತಾಗಿದರೆ ಅಲ್ಲೇ ಅಂಟಿಕೊಳ್ಳುತ್ತವೆ. ಇಂತಹ ಪದಾರ್ಥಕ್ಕೆ ಗೆಟರ್ ಎಂದು ಹೆಸರು. ನಾವು ಅನಿಲಗ್ರಾಹಿ ಎಂದು ಕರೆಯೋಣ. ಅದರ ಕಲ್ಪನೆ ರೇಡಿಯೊಗಿಂತಲೂ ಹಿಂದಿನದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಇಟಲಿಯ ಅರ್ತುರೊ ಮಲಿನ್ಯಾನಿ ಎಂಬಾತ ವಿದ್ಯುದ್ದೀಪದ ಬುರುಡೆಯೊಳಗೆ ಕೆಂಪು ರಂಜಕವನ್ನಿಟ್ಟು, ಪಂಪು ಹೀರಲಾರದೆ ಬಿಟ್ಟ ಅನಿಲವನ್ನು ಅದರಿಂದ ಹೀರಿಸಿದನು. ಅವನ ಪೇಟೆಂಟನ್ನು ಎಡಿಸನ್ನನ ಕಂಪೆನಿ ಕೊಂಡುಕೊಂಡಿತು. ಬೆಳಕಿನ ಇತಿಹಾಸದಲ್ಲಿ ಎಡಿಸನ್ನನ ಹೆಸರು ಉಳಿಯಿತು. ಮಲಿನ್ಯಾನಿಯ ಹೆಸರು ಆ ಕಸುಬಿನವರ ನೆನಪಿನಲ್ಲಿ ಮಾತ್ರ ಉಳಿಯಿತು.

ನಮ್ಮ ನಾಡಿನಲ್ಲಿಯೂ ಈ ಕಸುಬು ನೆಲೆಯೂರಿತು. ಬೆಂಗಳೂರಿನ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಿಂದ ರೇಡಿಯೊ ವಾಲ್ವುಗಳನ್ನು ತಯಾರಿಸತೊಡಗಿತು. ವಾಲ್ವು ಮಾಡುವ ಕ್ರಮವನ್ನು ಸ್ವಲ್ಪ ಗಮನಿಸಬೇಕು. ಗಾಜಿನ ಬುರುಡೆಯೊಳಗೆ ಲೋಹದ ಭಾಗಗಳನ್ನು ಜೋಡಿಸಿ, ಗಾಳಿಯನ್ನು ಪಂಪಿನಿಂದ ಹೊರಗೆಳೆಯುತ್ತಾರೆ. ಎಳೆಯುತ್ತಿರುವಾಗಲೇ ಹೊರಗಿನಿಂದ ವಿದ್ಯುತ್ ಸುರುಳಿಯೊಂದನ್ನು ತಂದು ಒಳಗಿನ ಲೋಹವನ್ನು ಕೆಂಪಗೆ ಕಾಯಿಸುತ್ತಾರೆ. ಲೋಹದ ಮೈಯಲ್ಲಿ ಅಡಗಿದ್ದ ನೀರು, ಅನಿಲ ಎಲ್ಲ ಆಗಲೇ ಹೊರಬಿದ್ದು ಪಂಪಿನ ದಾರಿ ಹಿಡಿಯಬೇಕು. ಅದಾದ ಮೇಲೆ ಬುರುಡೆಯ ಬಾಯಿಯನ್ನು ಕರಗಿಸಿ ಮುಚ್ಚುತ್ತಾರೆ. ಕೊನೆಗೆ ಅನಿಲಗ್ರಾಹಿಯ ಪುಟ್ಟ ಬಳೆಯನ್ನು ಕಾಯಿಸಿ, ಬೇರಿಯಂ ಆವಿಯಾಗಿ ಗಾಜಿನ ಒಳಮೈಗೆ ಹತ್ತುವಂತೆ ಮಾಡುತ್ತಾರೆ. ಮುಂದೆ ವರ್ಷಗಟ್ಟಲೆ ಅದೇ ಬುರುಡೆಯ ಕಾವಲುಗಾರ.

ಮಂಗಳೂರು ಹಂಚಿನ ನಾಡಿನವರಾದ ನಮಗೆ ಈ ಕ್ರಮ ಅಪರಿಚಿತವೇನಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದಂದಿನಿಂದ ಹೊಳೆದಂಡೆಯ ಜೇಡಿಮಣ್ಣಿನ ಗುಣ ನಮ್ಮವರಿಗೆ ಗೊತ್ತು. ಹಸಿ ಹಂಚನ್ನು ನೆರಳಿನಲ್ಲಿ ಒಣಗಿಸದೆ ಗೂಡಿಗೆ ಹಾಕಿದರೆ ಒಳಗಿನ ನೀರು ಆವಿಯಾಗಿ ಹಂಚು ಬಿರಿಯುತ್ತದೆ. ನೀರು ಹೋಗಬೇಕಾದ ಹೊತ್ತಿಗೆ ಹೋಗಬೇಕು. ಬಿಸಿಯನ್ನು ಯಾವಾಗ ಕೊಡಬೇಕು, ಯಾವಾಗ ತಡೆಯಬೇಕು ಎಂಬ ವಿವೇಕದ ಮೇಲೆಯೇ ಹಂಚಿನವನ ಸಂಸಾರ ನಿಂತಿದೆ. ನಾನು ಹೇಳಲಿರುವ ಕಥೆಯ ತಿರುಳೂ ಇಷ್ಟೇ. ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ಬಿಸಿಯಾಗು ಎಂದೂ ಅರ್ಥ, ರಕ್ಷಿಸು ಎಂದೂ ಅರ್ಥ. ನಿರ್ವಾತದ ಕಸುಬಿನಲ್ಲಿ ಈ ಎರಡು ಅರ್ಥಗಳೂ ಒಂದಕ್ಕೊಂದು ನೆರವಾಗುತ್ತವೆ, ಕೆಲವೊಮ್ಮೆ ಒಂದನ್ನೊಂದು ಕೆಡಿಸುತ್ತವೆ.

ಇನ್ನು ಘರ್ಷಕಕ್ಕೆ ನಿರ್ವಾತ ಏಕೆ ಬೇಕೆಂಬುದನ್ನು ನೋಡೋಣ. ಪೊಳಲಿಯ ಚೆಂಡಿನ ದಿನ ದೇವಸ್ಥಾನದ ಎದುರಿನ ಗದ್ದೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ದಾಟಲು ಹೊರಟವನ ಪಾಡನ್ನು ನೆನೆಯಿರಿ. ಎರಡು ಹೆಜ್ಜೆಗೊಬ್ಬರ ಭುಜ ತಾಗುತ್ತದೆ. ಜಾತ್ರೆ ಕಳೆದ ಮರುವಾರ ಅದೇ ಗದ್ದೆಯಲ್ಲಿ ಕಣ್ಣು ಮುಚ್ಚಿಕೊಂಡು ನಡೆದರೂ ಯಾರೂ ಸಿಗುವುದಿಲ್ಲ. ನಾವು ಉಸಿರಾಡುವ ಗಾಳಿ ಅಣುಗಳ ಜಾತ್ರೆ. ಅದರ ಒಂದು ಘನ ಸೆಂಟಿಮೀಟರಿನಲ್ಲಿ ಇರುವ ಅಣುಗಳ ಲೆಕ್ಕ ಬರೆಯಲು 25ರ ಮುಂದೆ 18 ಸೊನ್ನೆ ಹಾಕಬೇಕು. ಅಲ್ಲಿ ಅಣುವೊಂದು ಇನ್ನೊಂದಕ್ಕೆ ತಾಗದೆ ಹೋಗಬಲ್ಲ ದೂರ ಒಂದು ಮಿಲಿಮೀಟರಿನ ಸುಮಾರು 15,000ದಲ್ಲಿ ಒಂದು ಪಾಲು. ವಾತಾವರಣದ ಒತ್ತಡ ಪಾದರಸದ 760 ಮಿಲಿಮೀಟರ್. ಆ ಒಂದು ಮಿಲಿಮೀಟರನ್ನು ಟಾರಿಚೆಲ್ಲಿಯ ನೆನಪಿಗೆ ಟಾರ್ ಎನ್ನುತ್ತಾರೆ. ಒತ್ತಡವನ್ನು ಒಂದು ಟಾರಿನ ಸಾವಿರ ಕೋಟಿಯಲ್ಲಿ ಒಂದು ಪಾಲಿಗೆ ಇಳಿಸಿದರೆ ಅಣುವು ಸುಮಾರು 500 ಕಿಲೋಮೀಟರ್ ಯಾರ ಭುಜವನ್ನೂ ತಾಗದೆ ಹೋಗಬಹುದು. ಆಗಲೂ ಘನ ಸೆಂಟಿಮೀಟರಿಗೆ ಸುಮಾರು 33 ಲಕ್ಷ ಅಣುಗಳು ಉಳಿದೇ ಇರುತ್ತವೆ. ಬರಿದು ಎಂಬುದು ಪೂರ್ಣವಾಗಿ ಬರಿದಾಗುವುದೇ ಇಲ್ಲ.

ಇಷ್ಟು ನಿರ್ವಾತವೇಕೆ ಎಂದರೆ, ಘರ್ಷಕದ ಕಣ ಒಂದೆರಡು ಸುತ್ತಿಗೆ ಮುಗಿಸುವುದಿಲ್ಲ. ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಹತ್ತು ಗಂಟೆ ಸುತ್ತಿದ ಕಣ 1,080 ಕೋಟಿ ಕಿಲೋಮೀಟರ್ ಓಡಿರುತ್ತದೆ. ಸೂರ್ಯನಿಗೂ ನಮಗೂ ಇರುವ ಅಂತರದ ಎಪ್ಪತ್ತೆರಡು ಪಟ್ಟು ದೂರ ಅದು. ಈ ಓಟದಲ್ಲಿ ದಾರಿಯ ನಡುವೆ ಒಂದು ಅಣು ಅಡ್ಡ ಸಿಕ್ಕಿದರೂ ಕಣ ದಾರಿ ತಪ್ಪುತ್ತದೆ.

ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಎರಡು ಧಾರೆಗಳು ಕೂಡುವ ಸಂಧಿಸ್ಥಾನ. ಅಲ್ಲಿ ಕೊಳವೆಯ ಸುತ್ತ ಮನೆಯಷ್ಟು ದೊಡ್ಡ ಶೋಧಕ ಉಪಕರಣ ಆವರಿಸಿರುತ್ತದೆ. ಡಿಕ್ಕಿಯಿಂದ ಹುಟ್ಟಿದ ಕಣಗಳು ಸುಲಭವಾಗಿ ಹಾದುಹೋಗಲೆಂದು ಕೊಳವೆಯನ್ನು ಬೆರಿಲಿಯಂ ಎಂಬ ಹಗುರ ಲೋಹದಿಂದ ತೆಳ್ಳಗೆ ಮಾಡಿರುತ್ತಾರೆ. ಪಂಪು ಇಡಲು ಅಲ್ಲಿ ಎಡೆಯಿಲ್ಲ. ಅಕ್ಕಪಕ್ಕದಲ್ಲಿ, ಅಯಸ್ಕಾಂತಗಳ ನಡುವೆ ಸಿಕ್ಕಿದ ಸಂದಿಯಲ್ಲಿ ಇಡಬೇಕು. ಆ ಭಾಗದಲ್ಲಿ ಅನಿಲ ಹೆಚ್ಚಾದರೆ ದಾರಿ ತಪ್ಪಿದ ಕಣಗಳು ಗೋಡೆಗೆ ಬಡಿದು ಕಣಗಳ ಮಳೆಯನ್ನೇ ಶೋಧಕದೊಳಕ್ಕೆ ಸುರಿಸುತ್ತವೆ. ಆಗ ನಿಜವಾದ ಡಿಕ್ಕಿ ಯಾವುದು, ಕಸದ ಗದ್ದಲ ಯಾವುದು ಎಂದು ವಿಂಗಡಿಸುವುದೇ ಕಷ್ಟ. ಪ್ರಯೋಗದ ಸತ್ಯಾಸತ್ಯವೇ ಆ ಪಂಪುಗಳನ್ನು ನೆಚ್ಚಿಕೊಂಡಿದೆ ಎಂದರೆ ಹೆಚ್ಚಾಗಲಾರದು.

ಈ ಯಂತ್ರಗಳ ಬಾಲ್ಯದ ಒಂದು ಘಟನೆ ನನಗೆ ಬಹಳ ಪ್ರಿಯವಾದುದು. ಇಲೆಕ್ಟ್ರಾನ್ ಮತ್ತು ಪಾಸಿಟ್ರಾನುಗಳನ್ನು ಒಂದೇ ಉಂಗುರದಲ್ಲಿ ಎದುರುಬದುರು ಓಡಿಸುವ ಮೊದಲ ಯಂತ್ರ ‘ಆಡಾ’, ಬ್ರೂನೊ ಟುಶೆಕ್ ಅವರ ಕಲ್ಪನೆಯಂತೆ 1961ರಲ್ಲಿ ಇಟಲಿಯ ಫ್ರಸ್ಕಾಟಿಯಲ್ಲಿ ಹುಟ್ಟಿತು. ಹೆಚ್ಚು ಕಣಗಳನ್ನು ಒದಗಿಸಬಲ್ಲ ಯಂತ್ರ ಫ್ರಾನ್ಸಿನ ಓರ್ಸೆಯಲ್ಲಿತ್ತು. 1962ರಲ್ಲಿ ಆಡಾವನ್ನು ಲಾರಿಯ ಮೇಲೇರಿಸಿ ಅಲ್ಲಿಗೆ ಒಯ್ದರು. ಉಂಗುರದೊಳಗಿನ ನಿರ್ವಾತ ಕೆಡದಂತೆ ದಾರಿಯುದ್ದಕ್ಕೂ ಬ್ಯಾಟರಿಗಳಿಂದ ಪಂಪನ್ನು ನಡೆಸಿದರು. ನೋಡುವವರಿಗೆ ಒಂದು ಲಾರಿಯ ಸರಕು. ಒಳಗಿದ್ದುದು ಜೋಪಾನವಾಗಿ ಕಾಯ್ದ ಒಂದಿಷ್ಟು ಬರಿದು.

ಹತ್ತು ವರ್ಷಗಳೊಳಗೆ ಆಟ ದೊಡ್ಡದಾಯಿತು. ಜಿನೀವದ ಸರ್ನ್ ಸಂಸ್ಥೆಯಲ್ಲಿ 1971ರ ಜನವರಿ 27ರಂದು ಜಗತ್ತಿನ ಮೊದಲ ಪ್ರೋಟಾನ್ ಘರ್ಷಕ ಡಿಕ್ಕಿಗಳನ್ನು ತೋರಿಸಿತು. ಸುಮಾರು 940 ಮೀಟರ್ ಸುತ್ತಳತೆಯ ಎರಡು ಉಂಗುರಗಳು ಎಂಟು ಕಡೆ ಒಂದನ್ನೊಂದು ಹಾಯುತ್ತಿದ್ದವು. ಪ್ರವಾಹವನ್ನು ಕೆಲವೇ ಆಂಪಿಯರುಗಳಿಗೆ ಏರಿಸುವಷ್ಟರಲ್ಲಿ ಒಂದು ವಿಚಿತ್ರ ಕಾಣಿಸಿತು. ಉಂಗುರದ ಅಲ್ಲಲ್ಲಿ ಒತ್ತಡ ತಾನಾಗಿ ಉಬ್ಬಿ, ಧಾರೆಯೇ ನಾಶವಾಗುತ್ತಿತ್ತು. ಕಾರಣ ಹುಡುಕಿದಾಗ ತಿಳಿದುದಿಷ್ಟು. ಪ್ರೋಟಾನ್ ಧಾರೆ ಅಳಿದುಳಿದ ಅಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತು ಅವನ್ನು ಧನ ಅಯಾನುಗಳನ್ನಾಗಿ ಮಾಡುತ್ತದೆ. ಧಾರೆಯದೂ ಧನ ವಿದ್ಯುದಂಶವಾದುದರಿಂದ ಅಯಾನುಗಳು ರಭಸದಿಂದ ಗೋಡೆಗೆ ದೂಡಲ್ಪಡುತ್ತವೆ. ಗೋಡೆಗೆ ಅಂಟಿಕೊಂಡಿದ್ದ ಅನಿಲವನ್ನು ಅವು ಉದುರಿಸುತ್ತವೆ. ಉದುರಿದ ಅನಿಲ ಮತ್ತೆ ಅಯಾನಾಗುತ್ತದೆ. ಒಂದು ಹತ್ತಾಗಿ ಹತ್ತು ನೂರಾಗುತ್ತದೆ.

ಇದಕ್ಕೆ ಮದ್ದು ಒಂದು ದಿನದಲ್ಲಿ ದೊರೆಯಲಿಲ್ಲ. ವರ್ಷಗಳ ಕಾಲ ಉಂಗುರದ ಭಾಗಗಳನ್ನು ಸರದಿಯಂತೆ ಬಿಚ್ಚಿ, ಗೋಡೆಗಳನ್ನು ಆರ್ಗಾನ್ ಅನಿಲದ ವಿದ್ಯುತ್ ವಿಸರ್ಜನೆಯಿಂದ ತೊಳೆದು, 300 ಡಿಗ್ರಿಯ ಬಿಸಿಯಲ್ಲಿ ಬೇಯಿಸಿ, ಟೈಟಾನಿಯಂ ಲೋಹವನ್ನು ಆವಿ ಮಾಡಿ ಗೋಡೆಗೆ ಲೇಪಿಸುವ ಪಂಪುಗಳನ್ನು ಹೆಚ್ಚಿಸುತ್ತ ಬಂದರು. ಜಾಲಹಳ್ಳಿಯ ವಾಲ್ವಿನ ಕ್ರಮವೇ ಇಲ್ಲಿಯೂ ನಡೆದುದನ್ನು ನೀವು ಗುರುತಿಸಬಹುದು: ಮೊದಲು ಕಾಯಿಸು, ಆಮೇಲೆ ಕಾವಲಿಡು. ಫಲವಾಗಿ 20 ಆಂಪಿಯರಿಗೆಂದು ಯೋಜಿಸಿದ ಯಂತ್ರ ಕೊನೆಗೆ 57 ಆಂಪಿಯರುಗಳವರೆಗೂ ಏರಿತು. ಒತ್ತಡ ಟಾರಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಮಟ್ಟಕ್ಕೆ ಇಳಿಯಿತು. 1984ರಲ್ಲಿ ಆ ಯಂತ್ರ ನಿಂತಿತು. ಅದು ಕಲಿಸಿದ ನಿರ್ವಾತವಿದ್ಯೆ ಮುಂದಿನ ಎಲ್ಲ ಘರ್ಷಕಗಳ ಬಂಡವಾಳವಾಯಿತು.

ಅದೇ ಸರ್ನ್ ಸಂಸ್ಥೆಯಲ್ಲಿ 1989ರಿಂದ 2000ದವರೆಗೆ ನಡೆದ ಲೆಪ್ ಘರ್ಷಕದ ಸುತ್ತಳತೆ ಸುಮಾರು 27 ಕಿಲೋಮೀಟರ್. ಅಷ್ಟು ಉದ್ದಕ್ಕೂ ಬಿಡಿ ಪಂಪುಗಳನ್ನು ಇಡುವುದು ಸುಲಭವಲ್ಲ. ಕ್ರಿಸ್ಟೊಫೊರೊ ಬೆನ್ವೆನುಟಿ ಅವರ ಮುಂದಾಳುತನದಲ್ಲಿ ಅಲ್ಲಿನವರು ಜಿರ್ಕೋನಿಯಂ ಮತ್ತು ಅಲ್ಯೂಮಿನಿಯಂ ಮಿಶ್ರಲೋಹ ಲೇಪಿಸಿದ ಪಟ್ಟಿಯನ್ನು ಕೊಳವೆಯ ಮಗ್ಗುಲಿನ ಕೋಣೆಯಲ್ಲಿ ಸುಮಾರು 23 ಕಿಲೋಮೀಟರುಗಳಷ್ಟು ಉದ್ದಕ್ಕೆ ಹಾಸಿದರು. ಇದು ಆವಿಯಾಗದ ಅನಿಲಗ್ರಾಹಿ. ತಯಾರಾಗುವಾಗ ಇದರ ಮೈಮೇಲೆ ಆಕ್ಸೈಡಿನ ಪೊರೆ ಮುಚ್ಚಿಕೊಂಡಿರುತ್ತದೆ. ವಿದ್ಯುತ್ ಹಾಯಿಸಿ 700 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಆ ಪೊರೆ ಲೋಹದ ಒಡಲಿಗೆ ಇಳಿದು, ಮೈ ಹೊಸತಾಗಿ ಮತ್ತೆ ಅನಿಲವನ್ನು ಹೀರಲು ಸಿದ್ಧವಾಗುತ್ತದೆ. ಇಲ್ಲಿಯೂ ಬಿಸಿಯೇ ಉಪಕಾರಿ.

ಹಾಗಾದರೆ ಅಪಕಾರ ಎಲ್ಲಿಂದ ಬಂತು? ಆಮ್ಲಜನಕ, ಸಾರಜನಕ, ಕಾರ್ಬನ್ ಮಾನಾಕ್ಸೈಡ್ ಮುಂತಾದ ಅನಿಲಗಳನ್ನು ಇಂತಹ ಲೋಹ ಒಮ್ಮೆ ಹಿಡಿದರೆ ಬಿಡುವುದಿಲ್ಲ. ಜಲಜನಕದೊಡನೆ ಮಾತ್ರ ಅದರ ನಂಟು ಸಡಿಲ. ತಣ್ಣಗಿರುವಾಗ ಜಲಜನಕವನ್ನು ಒಡಲೊಳಗೆ ಇಟ್ಟುಕೊಳ್ಳುತ್ತದೆ. ಬಿಸಿಯಾದರೆ ಹಿಂದಕ್ಕೆ ಕೊಟ್ಟುಬಿಡುತ್ತದೆ. ಟೈಟಾನಿಯಂ ಲೇಪದ ಗುಣವೂ ಹೆಚ್ಚುಕಡಿಮೆ ಹೀಗೆಯೇ. ಯಂತ್ರ ನಿಂತಿರುವಾಗ, ಹೊರಬಂದ ಜಲಜನಕವನ್ನು ಬೇರೆ ಪಂಪು ಎಳೆದುಕೊಳ್ಳುತ್ತಿರುವಾಗ ಕಾಯಿಸಿದರೆ ಅದು ಶುದ್ಧೀಕರಣ. ಧಾರೆಗಳು ಓಡುತ್ತಿರುವಾಗ ಅದೇ ಬಿಸಿ ಬಂದರೆ, ಕಾವಲುಗಾರನೇ ಬಾಗಿಲು ತೆರೆದಂತೆ.

ಈ ಅಕಾಲದ ಬಿಸಿ ಹೇಗೆ ಬರುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯದ ಸ್ಲ್ಯಾಕ್ ಪ್ರಯೋಗಾಲಯದ ಪೆಪ್-2 ಘರ್ಷಕ ಒಳ್ಳೆಯ ದೃಷ್ಟಾಂತ. 1999ರಿಂದ 2008ರವರೆಗೆ ಅದು ಬಾಬಾರ್ ಎಂಬ ಶೋಧಕಕ್ಕೆ ಡಿಕ್ಕಿಗಳನ್ನು ಒದಗಿಸಿತು. 2.2 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ ಇಲೆಕ್ಟ್ರಾನುಗಳದು ಒಂದು ಉಂಗುರ, ಪಾಸಿಟ್ರಾನುಗಳದು ಇನ್ನೊಂದು. ಕಣಗಳು ನೀರಿನ ಧಾರೆಯಂತೆ ಅವಿಚ್ಛಿನ್ನವಾಗಿ ಹರಿಯುವುದಿಲ್ಲ. ಸೆಂಟಿಮೀಟರಿನಷ್ಟು ಉದ್ದದ ಗೊಂಚಲುಗಳಾಗಿ, ಒಂದರ ಹಿಂದೆ ಒಂದರಂತೆ, ಸೆಕೆಂಡಿಗೆ ಸುಮಾರು 1,36,000 ಸುತ್ತು ಹಾಕುತ್ತವೆ.

ಫಲ್ಗುಣಿಯಲ್ಲಿ ದೋಣಿ ಸಾಗಿದರೆ ಹಿಂದೆ ತೆರೆ ಏಳುತ್ತದೆ. ದಂಡೆ ನೇರವಾಗಿದ್ದರೆ ತೆರೆ ಅಲ್ಲೇ ಅಡಗುತ್ತದೆ. ದಂಡೆಯಲ್ಲಿ ಬಂಡೆಯೊಂದು ಚಾಚಿದ್ದರೆ, ತೋಡೊಂದು ಬಂದು ಸೇರುತ್ತಿದ್ದರೆ, ತೆರೆ ಒಡೆದು ತೋಡಿನೊಳಕ್ಕೂ ನುಗ್ಗುತ್ತದೆ. ಕಣಗಳ ಗೊಂಚಲು ಲೋಹದ ಕೊಳವೆಯಲ್ಲಿ ಸಾಗುವಾಗಲೂ ಹೀಗೆಯೇ ವಿದ್ಯುತ್ಕಾಂತ ತೆರೆಗಳು ಏಳುತ್ತವೆ. ನುಣುಪಾದ ಕೊಳವೆಯಲ್ಲಿ ಅವು ಅಲ್ಪ. ಆದರೆ ಸಂಧಿಸ್ಥಾನದ ಆಸುಪಾಸಿನಲ್ಲಿ ಕೊಳವೆ ನುಣುಪಾಗಿರಲು ಸಾಧ್ಯವೇ ಇಲ್ಲ. ಎರಡು ಕೊಳವೆಗಳು ಅಲ್ಲಿ ಒಂದಾಗುತ್ತವೆ. ದಾರಿ ತಪ್ಪಿದ ಕಣಗಳನ್ನೂ ಬೆಳಕನ್ನೂ ತಡೆಯಲು ಲೋಹದ ಅಡ್ಡಕಟ್ಟೆಗಳಿರುತ್ತವೆ. ಹಿಗ್ಗುವುದಕ್ಕೆ ಕುಗ್ಗುವುದಕ್ಕೆಂದು ಹಾರ್ಮೋನಿಯಮ್ಮಿನ ತಿದಿಯಂತಹ ಮಡಿಕೆಯ ಕೊಂಡಿಗಳಿರುತ್ತವೆ. ಶೋಧಕವನ್ನು ರಕ್ಷಿಸಲು ಇಟ್ಟ ಅಡ್ಡಕಟ್ಟೆಯೇ ತೆರೆ ಎಬ್ಬಿಸುವ ಬಂಡೆಯಾಗುತ್ತದೆ.

ಪಂಪಿನ ಕೋಣೆ ಕೊಳವೆಯ ಮಗ್ಗುಲಿಗಿರುತ್ತದೆ. ಅನಿಲ ಅಲ್ಲಿಗೆ ಹೋಗಲು ದಾರಿ ಬೇಕು, ತೆರೆ ಹೋಗಲು ದಾರಿ ಇರಬಾರದು. ಅದಕ್ಕಾಗಿ ನಡುವಿನ ಗೋಡೆಯಲ್ಲಿ ಧಾರೆಯ ಓಟದ ದಿಕ್ಕಿಗೇ ಉದ್ದುದ್ದನೆಯ ಕಿರಿದಾದ ಸೀಳುಗಳನ್ನು ಬಿಟ್ಟಿರುತ್ತಾರೆ. ಗೋಡೆಯಲ್ಲಿ ಉದ್ದಕ್ಕೆ ಹರಿಯುವ ವಿದ್ಯುತ್ತಿಗೆ ಇಂತಹ ಸೀಳು ಅಡ್ಡಿಯಾಗುವುದಿಲ್ಲ. ತೆರೆ ಒಳಗೆ ಇಣುಕುವುದೂ ಇಲ್ಲ. ಆದರೆ ಅಡ್ಡಕಟ್ಟೆಗೆ ತಾಗಿ ಒಡೆದ ತೆರೆಗಳು ಗೋಡೆಯಲ್ಲಿ ಅಡ್ಡಲಾಗಿಯೂ ವಿದ್ಯುತ್ತನ್ನು ಹರಿಸುತ್ತವೆ. ಅವುಗಳಿಗೆ ಈ ಸೀಳುಗಳೇ ಬಾಗಿಲು. ಒಳಹೊಕ್ಕ ತೆರೆ ಹೊರಬರಲಾರದೆ ಪಂಪಿನ ಕೋಣೆಯಲ್ಲಿ ಅನುರಣಿಸುತ್ತ ಅದನ್ನು ಕಾಯಿಸುತ್ತದೆ. ಇಂದು ಅನೇಕರ ಅಡುಗೆಮನೆಯಲ್ಲಿರುವ ಮೈಕ್ರೋವೇವ್ ಒಲೆ ಅನ್ನ ಬಿಸಿ ಮಾಡುವುದೂ ಇದೇ ಜಾತಿಯ ತೆರೆಗಳಿಂದ.

ಗೊಂಚಲುಗಳ ಸಂಖ್ಯೆ ಅಷ್ಟೇ ಇದ್ದು ಪ್ರವಾಹ ಎರಡು ಪಟ್ಟಾದರೆ ಈ ಬಿಸಿ ನಾಲ್ಕು ಪಟ್ಟಾಗುತ್ತದೆ. ಗೊಂಚಲು ಗಿಡ್ಡವಾದಷ್ಟೂ ಬಿಸಿ ಇನ್ನೂ ಹೆಚ್ಚು. ಆದರೆ ಹೆಚ್ಚು ಡಿಕ್ಕಿ ಬೇಕಾದರೆ ಪ್ರವಾಹ ಏರಲೇಬೇಕು, ಗೊಂಚಲು ಗಿಡ್ಡವಾಗಲೇಬೇಕು. ಶೋಧಕದ ಬಳಿ ಕುಳಿತ ಭೌತವಿಜ್ಞಾನಿಗೆ ಇನ್ನಷ್ಟು ಡಿಕ್ಕಿ ಬೇಕು. ಯಂತ್ರ ನಡೆಸುವವನ ಕಣ್ಣು ಪಂಪಿನ ತಾಪದ ಮೇಲೆ. ಒಂದು ಪಾಳಿಯ ಆತುರದಲ್ಲಿ ಮುದ್ರಿಕೆಯೊಂದು ಕರಗಿದರೆ, ಉಂಗುರಕ್ಕೆ ಗಾಳಿ ನುಗ್ಗಿದರೆ, ಬಿಚ್ಚಿ, ತೊಳೆದು, ಬೇಯಿಸಿ ಮತ್ತೆ ಮೊದಲಿನ ಬರಿದನ್ನು ಪಡೆಯಲು ವಾರಗಳು ಹಿಡಿಯುತ್ತವೆ. ಆ ವೇಳೆಗೆ ಸ್ಪರ್ಧಿಗಳು ಮುಂದೆ ಹೋಗಿರುತ್ತಾರೆ. ಪೆಪ್-2ಕ್ಕೆ ಅಂತಹ ಸ್ಪರ್ಧಿ ಜಪಾನಿನ ತ್ಸುಕುಬಾದಲ್ಲಿತ್ತು. ಕೆಇಕೆ-ಬಿ ಎಂಬ ಅದೇ ಬಗೆಯ ಘರ್ಷಕ ಅದೇ ವರ್ಷಗಳಲ್ಲಿ ನಡೆಯುತ್ತಿತ್ತು.

ಪೆಪ್-2ರ ಪಾಸಿಟ್ರಾನ್ ಉಂಗುರದಲ್ಲಿ ಪ್ರವಾಹ ಏರಿದಂತೆ ಪಂಪಿನ ಕೋಣೆಗಳೂ ಮಡಿಕೆಯ ಕೊಂಡಿಗಳೂ ಕಾಯತೊಡಗಿದವು. ಅಲ್ಲಿನ ಅಲೆಕ್ಸಾಂಡರ್ ನೊವೊಖಾಟ್ಸ್ಕಿ ಮತ್ತು ಸಂಗಡಿಗರು ಈ ತೆರೆಗಳ ಬೆನ್ನು ಹತ್ತಿದರು. ಯಾವ ಭಾಗ ಎಷ್ಟು ಪ್ರವಾಹಕ್ಕೆ ಎಷ್ಟು ಬಿಸಿಯಾಗುತ್ತದೆ, ಆಗ ಒತ್ತಡ ಎಷ್ಟು ಏರುತ್ತದೆ ಎಂಬುದನ್ನು ಹೋಲಿಸಿ ನೋಡಿದರು. ಬಿಸಿಯಾದ ಭಾಗವೇ ಅಪರಾಧಿಯಲ್ಲ, ದೂರದ ಅಡ್ಡಕಟ್ಟೆಯಲ್ಲಿ ಹುಟ್ಟಿದ ತೆರೆ ಕೊಳವೆಯುದ್ದಕ್ಕೂ ಹರಿದು ಬಂದು ಇಲ್ಲಿ ನುಗ್ಗುತ್ತಿದೆ ಎಂದು ತಿಳಿಯಿತು. ಹೊರಗಿನಿಂದ ತಂಪು ಮಾಡುವುದು ತಾತ್ಕಾಲಿಕ ಶಮನ ಮಾತ್ರ. ನಿರ್ವಾತದೊಳಗೆ ಗಾಳಿಯಿಲ್ಲದುದರಿಂದ ಒಳಭಾಗದ ಬಿಸಿ ಹೊರಬರುವ ದಾರಿಯೂ ಕಡಿಮೆ.

ಅವರು ಕಂಡುಕೊಂಡ ಉಪಾಯ ಕೇಳಿದರೆ ಮಂಗಳೂರಿನವರಿಗೆ ನಗು ಬಂದೀತು. ಅದು ಹಂಚು! ಸಿಲಿಕಾನ್ ಕಾರ್ಬೈಡ್ ಬೆರೆತ ಪಿಂಗಾಣಿಯ ಪುಟ್ಟ ಹಂಚುಗಳಿಗೆ ಇಂತಹ ತೆರೆಗಳನ್ನು ನುಂಗಿಕೊಳ್ಳುವ ಗುಣವಿದೆ. ಅವನ್ನು ತಾಮ್ರದ ತಗಡಿಗೆ ಬೆಸೆದು, ತಾಮ್ರದ ಬೆನ್ನಿಗೆ ನೀರು ಹರಿಸಿ, ತೆರೆ ನುಗ್ಗುವ ಕಡೆ ಇಟ್ಟರು. ತೆರೆಯ ಶಕ್ತಿ ಹಂಚಿನಲ್ಲಿ ಬಿಸಿಯಾಗಿ ಇಳಿಯುತ್ತದೆ. ಆ ಬಿಸಿಯನ್ನು ನೀರು ಹೊತ್ತುಕೊಂಡು ಹೋಗುತ್ತದೆ. ಬಿಸಿ ಇಲ್ಲವಾಗಲಿಲ್ಲ. ಅದು ಎಲ್ಲಿ ಇಳಿಯಬೇಕೆಂಬುದನ್ನು ಮನುಷ್ಯರು ಗೊತ್ತುಮಾಡಿದರು. ಆ ಹಂಚೂ ನಿರ್ವಾತದೊಳಗೆ ಇರಬೇಕಾದುದರಿಂದ ಅದನ್ನೂ ಮೊದಲೇ ಕಾಯಿಸಿ ಅದರ ಅನಿಲವನ್ನು ತೆಗೆದಿರಬೇಕು ಎಂಬುದನ್ನು ಹೇಳಬೇಕಾಗಿಲ್ಲ.

ಇಂತಹ ಹತ್ತಾರು ತಿದ್ದುಪಡಿಗಳ ಬಲದಿಂದ, ಪಾಸಿಟ್ರಾನುಗಳಿಗೆ 2.14 ಆಂಪಿಯರ್ ಎಂದು ಯೋಜಿಸಿದ್ದ ಉಂಗುರ 3.2 ಆಂಪಿಯರಿಗೆ ಏರಿತು, ಇಲೆಕ್ಟ್ರಾನುಗಳಿಗೆ 0.75 ಎಂದಿದ್ದುದು 2.07 ಆಯಿತು. ಡಿಕ್ಕಿಗಳ ದರ ಯೋಜಿಸಿದ್ದರ ನಾಲ್ಕು ಪಟ್ಟಾಯಿತು. ಬಿ-ಮೇಸಾನ್ ಎಂಬ ಕಣಕ್ಕೂ ಅದರ ಪ್ರತಿಕಣಕ್ಕೂ ನಡತೆಯಲ್ಲಿ ವ್ಯತ್ಯಾಸವಿದೆ ಎಂಬುದನ್ನು ಕ್ಯಾಲಿಫೋರ್ನಿಯದ ಬಾಬಾರ್ ಮತ್ತು ಜಪಾನಿನ ಬೆಲ್ ಶೋಧಕಗಳು 2001ರಲ್ಲಿ ಸಾರಿದ್ದವು. ಈ ವಿಶ್ವದಲ್ಲಿ ಪ್ರತಿದ್ರವ್ಯ ಅಳಿದು ದ್ರವ್ಯ ಮಾತ್ರ ಏಕೆ ಉಳಿಯಿತು ಎಂಬ ದೊಡ್ಡ ಪ್ರಶ್ನೆಗೆ ಅದು ಸಂಬಂಧಿಸಿದ್ದು. ಅದನ್ನು ಮೊದಲೇ ಊಹಿಸಿದ್ದ ಕೊಬಯಾಶಿ ಮತ್ತು ಮಸ್ಕಾವಾ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ದೊರೆಯಿತು. ಅರ್ಹರಿಗೇ ದೊರೆಯಿತು. ಆದರೆ ಆ ಊಹೆ ಸತ್ಯವೆಂದು ತಿಳಿಯಲು ಎರಡು ಖಂಡಗಳಲ್ಲಿ ನೂರಾರು ಮಂದಿ ಒಂದು ಕೊಳವೆಯ ಬರಿದನ್ನು ಕಾಯಬೇಕಾಯಿತು ಎಂಬ ಮಾತು ಯಾವ ಪಠ್ಯಪುಸ್ತಕದಲ್ಲಿಯೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಲೆಪ್ ಇದ್ದ ಸುರಂಗದಲ್ಲಿಯೇ ಕಟ್ಟಿದ ಎಲ್‌ಎಚ್‌ಸಿ ಘರ್ಷಕದಲ್ಲಿ ಅನಿಲಗ್ರಾಹಿಯನ್ನು ಕೊಳವೆಯ ಒಳಗೋಡೆಗೇ ತೆಳುವಾಗಿ ಲೇಪಿಸಿದ್ದಾರೆ. ಅದನ್ನು ಚುರುಕುಗೊಳಿಸಲು ಸುಮಾರು 200 ಡಿಗ್ರಿಯ ಬಿಸಿ ಸಾಕು. ಗೋಡೆಯೇ ಪಂಪಾದ ಮೇಲೂ ತೊಂದರೆ ತಪ್ಪಲಿಲ್ಲ. 2011ರಲ್ಲಿ ಮಡಿಕೆಯ ಕೊಂಡಿಗಳೊಳಗೆ ವಿದ್ಯುತ್ತು ದಾಟಿಸಲು ಇಟ್ಟ ಲೋಹದ ಬೆರಳುಗಳು ಕೆಲವು ಕಡೆ ಸಡಿಲಗೊಂಡು, ಬಿಸಿ ಏರಿ ನಿರ್ವಾತ ಕೆಟ್ಟಿತು. ಆ ಕೊಂಡಿಗಳನ್ನು ಬದಲಿಸಬೇಕಾಯಿತು. ಅದೇ ಯಂತ್ರದಲ್ಲಿ ಹತ್ತಾರು ಟನ್ ತೂಕದ ಅಯಸ್ಕಾಂತಗಳನ್ನು ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಾಗದಂತೆ ಎತ್ತಿ ನಿಲ್ಲಿಸಿರುವ ಏಳು ಸಾವಿರ ಜಾಕುಗಳು ಭಾರತದಲ್ಲಿ ತಯಾರಾದವು; ಬೆಂಗಳೂರಿನ ಅವಸರಳ ಸಂಸ್ಥೆಯೂ ಇಂದೂರಿನ ಇಂಡೋ-ಜರ್ಮನ್ ಟೂಲ್ ರೂಮೂ ಅವನ್ನು ಮಾಡಿಕೊಟ್ಟವು. ಜಾಲಹಳ್ಳಿಯಲ್ಲಿ ವಾಲ್ವಿನ ಬಾಯಿ ಮುಚ್ಚುತ್ತಿದ್ದವರ ಮುಂದಿನ ತಲೆಮಾರಿನವರ ಕೈಗೆಲಸ ಜಿನೀವದ ನೆಲದಡಿಯಲ್ಲಿದೆ ಎಂದರೆ ತಪ್ಪಾಗದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಜಿಲ್ಲೆಯಲ್ಲಿಯೇ, ಕೊಣಾಜೆಯ ಮಂಗಳಗಂಗೋತ್ರಿಯಲ್ಲಿ, ಮಂಗಳೂರು ವಿಶ್ವವಿದ್ಯಾನಿಲಯದ ಮೈಕ್ರೋಟ್ರಾನ್ ಕೇಂದ್ರವಿದೆ. ಇಂದೂರಿನ ಕೇಂದ್ರ ಸರಕಾರದ ಪ್ರಯೋಗಾಲಯದ ಸಹಯೋಗದಲ್ಲಿ 1990ರ ದಶಕದಲ್ಲಿ ಅಲ್ಲಿ 80 ಲಕ್ಷ ಇಲೆಕ್ಟ್ರಾನ್ ವೋಲ್ಟಿನ ವೇಗವರ್ಧಕ ಬಂದಿತು. ಅದು ಘರ್ಷಕವಲ್ಲ. ಅದರಲ್ಲಿ ಇಲೆಕ್ಟ್ರಾನುಗಳು ಒಂದೇ ಬಿಂದುವಿನಲ್ಲಿ ಕೂಡುವ, ಒಂದಕ್ಕಿಂತ ಒಂದು ದೊಡ್ಡದಾದ ವೃತ್ತಗಳಲ್ಲಿ ಸುತ್ತಿ, ಕೊನೆಗೆ ಹೊರಬಂದು ಪರೀಕ್ಷೆಗಿಟ್ಟ ವಸ್ತುವಿನ ಮೇಲೆ ಬೀಳುತ್ತವೆ. ಆದರೂ ಅಲ್ಲಿನ ಸಂಕಟಗಳು ಇದೇ ಕುಲದವು. ಇಲೆಕ್ಟ್ರಾನನ್ನು ಹೊಮ್ಮಿಸುವ ತುಣುಕು ಕಾದು ಕೆಂಪಾಗಬೇಕು. ಅದರ ಸುತ್ತಣ ಕುಹರವನ್ನು ನೀರು ತಂಪಾಗಿಡಬೇಕು. ಈ ಬಿಸಿ ತಂಪುಗಳ ನಡುವೆ ನಿರ್ವಾತ ಕೆಡಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ನಿರ್ವಾತದ ಕೋಣೆಯನ್ನು ಒಮ್ಮೆ ತೆರೆದರೆ ಗೋಡೆಗೆ ಹತ್ತುವ ತೇವ ಎಷ್ಟೆಂಬುದನ್ನು, ಆಟಿಯಲ್ಲಿ ಹಪ್ಪಳ ಒಣಗಿಸಲು ಹೊರಟ ಗೃಹಿಣಿಯರು ಊಹಿಸಬಲ್ಲರು.

ಈ ಇತಿಹಾಸದಿಂದ ನಾನು ತಿಳಿದುಕೊಂಡುದನ್ನು ಹೇಳಿ ಮುಗಿಸುತ್ತೇನೆ. ಶೋಧಕ್ಕೆ ಒಂದು ದಿನಾಂಕವಿರುತ್ತದೆ, ಒಂದು ಹೆಸರಿರುತ್ತದೆ. ಕಾಯುವ ಕೆಲಸಕ್ಕೆ ದಿನಾಂಕವಿಲ್ಲ. ಅದು ಸರಿಯಾಗಿ ನಡೆದ ದಿನ ಏನೂ ಸಂಭವಿಸುವುದಿಲ್ಲ. ಏನೂ ಸಂಭವಿಸದ ದಿನವನ್ನು ಚರಿತ್ರೆಕಾರ ಬರೆಯುವುದು ಹೇಗೆ? ಬಹುಶಃ ಯಂತ್ರಶಾಲೆಯ ದಿನಚರಿಯ ಪುಸ್ತಕಗಳನ್ನು ಓದಿ ಬರೆಯಬೇಕು. ಯಾವ ಗಂಟೆಗೆ ತಾಪ ಎಷ್ಟಿತ್ತು, ಯಾವ ಪಂಪನ್ನು ನಿಲ್ಲಿಸಿ ಕಾಯಿಸಿದರು, ಯಾರು ಪ್ರವಾಹವನ್ನು ಇಳಿಸಿದರು ಎಂಬ ಸಾಲುಗಳು ಅಲ್ಲಿರುತ್ತವೆ. ಅರಸರ ಶಾಸನಗಳನ್ನು ಓದಲು ನಾವು ಪಟ್ಟ ಶ್ರಮದ ಒಂದಂಶವನ್ನು ಅಂತಹ ಪುಸ್ತಕಗಳಿಗೆ ಕೊಡಬಾರದೇಕೆ? ಜಾಲಹಳ್ಳಿಯಲ್ಲಿ ವಾಲ್ವು ತಯಾರಿಸಿದವರಲ್ಲಿ, ನಮ್ಮ ಕರಾವಳಿಯ ಹಂಚಿನ ಗೂಡುಗಳ ಬಳಿ ಬೆಂಕಿಯ ಹದ ನೋಡಿದವರಲ್ಲಿ ಹಲವರು ಇಂದು ಹಿರಿಯರಾಗಿ ನಮ್ಮ ನಡುವೆ ಇದ್ದಾರೆ. ಅವರ ಬಳಿ ಕುಳಿತು ಕೇಳಿ ಬರೆದುಕೊಳ್ಳಬೇಕಾದ ಕಾಲ ಇದು. ಕೊಣಾಜೆಗೆ ಓದಲು ಹೋಗುವ ನಮ್ಮೂರಿನ ಹುಡುಗ ಹುಡುಗಿಯರಿಗೆ ನನ್ನ ಮಾತೂ ಇಷ್ಟೇ. ಅಲ್ಲಿಯ ಯಂತ್ರವನ್ನು ನೋಡಲು ಹೋದಾಗ ಅದರಿಂದ ಏನು ಕಂಡುಹಿಡಿದಿದ್ದಾರೆ ಎಂದು ಕೇಳಿರಿ. ಪಂಪುಗಳನ್ನು ನೋಡಿಕೊಳ್ಳುವವರು ಯಾರೆಂದೂ ಕೇಳಿ, ಅವರ ಹೆಸರನ್ನು ಬರೆದುಕೊಂಡು ಬನ್ನಿರಿ.